ಒರೆ

ಮತ್ರಾ ಸೂಕಿನ ಮೂರನೇ ತಿರುವು, ಹಿಲಾಲ್ ಬಿನ್ ಖಮೀಸರ ಬೆಳ್ಳಿ ಅಂಗಡಿ.
ಚೀಟಿ ಬರೆಯುವವನು ನಾನು. ತೂಕ, ಬೆಲೆ, ಹೆಸರು.
ದಾರ ಕಟ್ಟಿ ನೇತುಹಾಕಿದರೆ ಮುಗಿಯಿತು.
ಹನ್ನೊಂದು ವರ್ಷದಲ್ಲಿ ಯಾವ ವಸ್ತುವೂ
ತನ್ನ ಹೆಸರಿಗೆ ತಕರಾರು ತೆಗೆದಿರಲಿಲ್ಲ.

ಆ ಗುರುವಾರ ರುಸ್ತಾಕಿನಿಂದೊಬ್ಬ ಮುದುಕ.
ಎರಡು ಆಡು ಕಟ್ಟಿದ ಪಿಕಪ್ಪನ್ನು ಕಡಲಬದಿ ನಿಲ್ಲಿಸಿ
ಟವೆಲ್ಲು ಸುತ್ತಿದ ಉದ್ದನೆಯ ಬಾಗೊಂದನ್ನು
ಮಲಗಿದ ಮಗುವಿನಂತೆ ಎತ್ತಿ ತಂದ.
ಒರೆಯನ್ನು ಗೆದ್ದಲು ತಿಂದಿದೆ, ಹೊಸದು ಬೇಕು.

ರಸೀದಿಯಲ್ಲಿ ಏನೆಂದು ಬರೆಯಲಿ?
ಸೈಫ್ ಅಂದೆ.
ಸೈಫ್ ಎಂದರೆ ನೆಟ್ಟಗಿನದು ಮಗನೇ,
ಹಬ್ಬದ ಕುಣಿತದಲ್ಲಿ ಮೇಲಕ್ಕೆಸೆದು ಹಿಡಿಯುವಂಥದು.
ಇದು ಕತ್ತಾರ.

ಒಳಗೆ ಗೆಜ್ಜೆ ಉಜ್ಜುತ್ತಿದ್ದ ಬಲೂಚಿ ದುರ್‌ಮಹಮ್ಮದ್
ಶಮ್ಶೀರ್! ಎಂದು ಕೂಗಿದ.
ಶೀರ್ ಎಂದರೆ ಸಿಂಹ. ಶಮ್ ಎಂದರೆ ಉಗುರು.
ಅಲ್ಲ, ಬಾಲ. ಅಲ್ಲ, ಉಗುರೇ.
ಅವನಜ್ಜ ಉಗುರು ಅನ್ನುತ್ತಿದ್ದ, ಅಜ್ಜಿ ಬಾಲ.
ಇಬ್ಬರೂ ಸಿಂಹ ನೋಡಿದವರಲ್ಲ.

ಹಡಗಿನಿಂದಿಳಿದ ಪ್ರವಾಸಿ ಹೆಂಗಸೊಬ್ಬಳು
ಹೊಸ್ತಿಲಲ್ಲೇ ನಿಂತು ಸಿಮಿಟರ್ ಎಂದು ಫೋಟೋ ತೆಗೆದಳು.
ಅದೂ ನಮ್ಮ ಶಮ್ಶೀರೇ, ದುರ್‌ಮಹಮ್ಮದ್ ಬಿಡಲಿಲ್ಲ,
ಬಂದರಿಂದ ಬಂದರಿಗೆ ಬಾಯಿ ಬದಲಿಸುತ್ತ
ಎಲ್ಲೋ ಸಿಂಹವನ್ನು ಇಳಿಸಿ ಬಂದಿದೆ.

ನಿಮ್ಮ ಕಡೆ ಏನಂತೀರಿ? ಹಿಲಾಲರು ಕೇಳಿದರು.
ಖಡ್ಗ: ಅದು ಶಾಲೆಯ ಪುಸ್ತಕದಲ್ಲಿ, ಮುಟ್ಟಿದವರಿಲ್ಲ.
ಕಠಾರಿ: ಆಟದ ರಾಜನ ಸೊಂಟದಲ್ಲಿ, ಬೇಗಡೆ ಅಂಟಿಸಿದ ಹಲಗೆ.
ಬಾಯಿಗೆ ಬಂದದ್ದು ಬರೀ ಕತ್ತಿ.
ಕತ್ತಿ, ಕಠಾರಿ, ಕತ್ತಾರ.
ಮುದುಕ ಥಟ್ಟನೆ ತಲೆಯೆತ್ತಿದ:
ನಮ್ಮದನ್ನು ನೀವು ಕದ್ದಿರೋ, ನಿಮ್ಮದನ್ನು ನಾವೋ?
ಅಕ್ಕಿ ಬಂದ ಹಡಗಲ್ಲಿ ಬಂದಿರಬೇಕು, ಅಂದರು ಹಿಲಾಲರು,
ಇಲ್ಲವೇ ಖರ್ಜೂರ ಹೋದ ಹಡಗಲ್ಲಿ ಹೋಗಿರಬೇಕು.
ಯಾರ ಬಳಿಯೂ ರಸೀದಿಯಿಲ್ಲ.

ನನಗೆ ನೆನಪಾದದ್ದು ಗಂಗೊಳ್ಳಿಯ ಶೇಷಿ ಅತ್ತೆ,
ಅವಳು ಕಾಲಲ್ಲಿ ಮೆಟ್ಟಿ ಹಿಡಿದ ಕತ್ತಿ.
ಅದೂ ಬಾಗಿದ್ದೇ, ಚೌತಿಯ ಚಂದ್ರನಷ್ಟು.
ಯಾರ ಮೇಲೂ ಎರಗಿದ್ದಿಲ್ಲ. ಕೂತಲ್ಲೇ ಕೂತಿತ್ತು.
ಅಂಜಲೇ ಅದರ ಹತ್ತಿರ ಬಂದು ಎರಡಾಗುತ್ತಿತ್ತು.
ಅಂಜಲಿಗೆ ಇಲ್ಲಿ ಕನ್‌ಅದ್ ಅನ್ನುತ್ತಾರೆ.
ಬಂದ ಹೊಸದರಲ್ಲಿ ಮೀನು ಮಾರುಕಟ್ಟೆಯಲ್ಲಿ
ಯಾರೋ ಕನ್ನಡ, ಕನ್ನಡ ಎಂದು ಕೂಗಿದಂತಾಗಿ
ಜನ ಸೀಳಿಕೊಂಡು ಓಡಿದ್ದೆ.
ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿದ್ದವು.
ಎರಡು ಕಿಲೋ ಕೊಂಡು ಬಂದೆ.

ಒರೆ ಮಾಡಲು ಅಳತೆ ತೆಗೆಯುವಾಗ ತಿಳಿಯಿತು:
ನೂಲು ಹಿಡಿದರೆ ಒಂದು ಉದ್ದ, ಬಾಗಿನ ಜೊತೆ ನಡೆದರೆ ಇನ್ನೊಂದು.
ನಮ್ಮಲ್ಲಿ ಒರೆ ಎಂದರೆ ಕತ್ತಿಯ ಮನೆ.
ಚಿನ್ನ ತಿಕ್ಕಿ ನೋಡುವುದೂ ಒರೆ.
ಮಾತಿಗೂ ಒರೆ ಎಂಬ ಹೆಸರಿತ್ತು ಒಂದು ಕಾಲದಲ್ಲಿ, ಎಂದು
ಭವಾನಿಶಂಕರ ಮೇಷ್ಟ್ರು ಬೋರ್ಡಿನ ಮೇಲೆ ಬರೆದಾಗ
ಹಿಂದಿನ ಬೆಂಚಿನಲ್ಲಿ ನಾನು ಆಕಳಿಸುತ್ತಿದ್ದೆ.
ಒಂದೇ ಒರೆಯಲ್ಲಿ ಎರಡು ಕತ್ತಿ ಸೇರವು, ನಿಜ.
ಮತ್ತೆ ಇದ್ಯಾವ ಒರೆ,
ನಾಲ್ಕೂರಿನವು ಒಳಗೆ ಕೂತು
ಒಂದಕ್ಕೊಂದು ತಾಗದೆ ಇರುವುದು?

ಎಂಟು ದಿನಕ್ಕೆ ಮುದುಕ ಬಂದ.
ಕತ್ತಿ ನಾಲ್ಕು ಬೆರಳು ಇಳಿದು ಕಚ್ಚಿಕೊಂಡಿತು.
ಒತ್ತಿದ. ಬೈದ. ನನ್ನ ಮುಖ ನೋಡಿದ.
ದುರ್‌ಮಹಮ್ಮದ್ ಎದ್ದು ಬಂದು, ಏನೂ ಅನ್ನದೆ,
ಅಲಗಿನ ಬೆನ್ನು ತಿರುಗಿಸಿ ಕೊಟ್ಟ.
ಸರ್ರೆಂದು ಹೋಯಿತು.
ಆ ಸದ್ದಿಗೆ ಯಾರೂ ಹೆಸರು ಕೇಳಲಿಲ್ಲ.

ರಸೀದಿಯಲ್ಲಿ ಬರೆದೆ: ಒರೆ, ಒಂದು.
ಒಳಗಿನದರ ಜಾಗ ಖಾಲಿ ಬಿಟ್ಟೆ.
ನೋಟು ಎಣಿಸಿ ಕೊಟ್ಟು ಮುದುಕ ಹೊರಟ.
ಕಡಲಬದಿಯವರೆಗೆ ಕಳಿಸಿಬರಲು ಹೋದೆ.
ಪಿಕಪ್ಪಿನಲ್ಲಿ ಈ ಸಲ
ಒಂದೇ ಆಡು.